ಕೈಕೆಲಸ ಕಲಿತ ಮಗ ಮನೆತನಕ್ಕೆ ಕಡಿಮೆಯೇ?



ಜೂನ್ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಎರಡು ಚಿಂತೆ ಒಟ್ಟಿಗೇ ಶುರುವಾಗುತ್ತವೆ. ಗೋಡೆಗೆ ತೇವ ಏರಿ ಸ್ವಿಚ್ಚು ಮುಟ್ಟಲೂ ಹೆದರಿಕೆಯಾಗುವುದು ಒಂದು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಮುಂದೆ ಎಲ್ಲಿಗೆ ಸೇರಿಸುವುದು ಅನ್ನೋದು ಇನ್ನೊಂದು. ಈ ಎರಡಕ್ಕೂ ನಂಟಿದೆ ಎಂದರೆ ನಗಬೇಡಿ. ಪೂರ್ತಿ ಓದಿದ ಮೇಲೆ ನೀವೇ ಹೇಳಿ.

ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿದ್ದಾನೆ. ಚಿಕ್ಕಂದಿನಿಂದಲೂ ಕೆಟ್ಟ ರೇಡಿಯೋ, ಕೆಟ್ಟ ಮಿಕ್ಸಿ ಸಿಕ್ಕರೆ ಬಿಚ್ಚಿ ಕೂಡುವ ಹುಡುಗ. ಐಟಿಐಗೆ ಸೇರಿ ಎಲೆಕ್ಟ್ರಿಷಿಯನ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಆದರೆ ಮನೆಯಲ್ಲಿ ಅತ್ತೆ, ಮಾವ, ಭಾವ ಎಲ್ಲರದೂ ಒಂದೇ ಮಾತು: "ನಮ್ಮ ಮನೆತನದಲ್ಲಿ ಯಾರೂ ಇನ್ನೊಬ್ಬರ ಮನೆಗೆ ಹೋಗಿ ಫ್ಯಾನು ರಿಪೇರಿ ಮಾಡಿದವರಿಲ್ಲ. ನಾಳೆ ಹೆಣ್ಣು ಕೊಡೋರು ಯಾರು?" ಯಜಮಾನರು ಬಾಯಿ ಬಿಡುತ್ತಿಲ್ಲವಂತೆ. "ನಾನು ಯಾರ ಕಡೆ ನಿಲ್ಲಲಿ, ಅಕ್ಕಾ?" ಎಂದು ಕೇಳಿದ್ದಾರೆ.

ತಂಗೀ, ನೀನು ಮಗನ ಕಡೆಯೇ ನಿಲ್ಲಬೇಕು. ಆದರೆ ಮಗನ ಮೇಲಿನ ಮಮತೆಯೊಂದನ್ನೇ ಹಿಡಿದು ನಿಂತರೆ ಮನೆಯವರು ಕೇಳುವುದಿಲ್ಲ. ಈ ವಿದ್ಯೆ ಏನು, ಎತ್ತ ಎಂದು ತಿಳಿದುಕೊಂಡು ನಿಲ್ಲು. ಅದಕ್ಕೇ ಈ ಅಂಕಣವನ್ನು ಪೂರ್ತಿ ನಿನ್ನ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ.

ಮೊದಲು ನಮ್ಮ ಹಿಂದಿನ ಬೀದಿಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಅವರ ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಮುಟ್ಟಿದರೆ ಜುಂ ಅನ್ನುತ್ತಿತ್ತು. ಯಾರೋ ಪರಿಚಯದವನನ್ನು ಕರೆಸಿದರು. ಅವನು ನಾಲ್ಕು ಮನೆಯಲ್ಲಿ ತಂತಿ ಎಳೆಯುವುದನ್ನು ನೋಡಿ ಕೆಲಸ ಕಲಿತವನು. ಟೆಸ್ಟರ್ ಇಟ್ಟು ನೋಡಿ, "ಮೆಷಿನ್ ಹಳೇದಾಯ್ತಮ್ಮ, ಸ್ವಲ್ಪ ಹಂಗೇ ಇರತ್ತೆ. ಮರದ ಮಣೆ ಮೇಲೆ ನಿಂತು ಬಟ್ಟೆ ತೆಗೀರಿ" ಎಂದು ಹೇಳಿ, ದುಡ್ಡು ತೆಗೆದುಕೊಂಡು ಹೋದ. ಆ ಮನೆಯ ಸೊಸೆ ಆರು ತಿಂಗಳು ಹಾಗೇ ಮಣೆ ಮೇಲೆ ನಿಂತು ಬಟ್ಟೆ ತೆಗೆದಳು. ಒದ್ದೆ ಕೈ, ಒದ್ದೆ ನೆಲ, ಸೀರೆ ಹಿಡಿದುಕೊಂಡು ಹಿಂದೆ ಮುಂದೆ ಸುತ್ತುವ ಎರಡು ವರ್ಷದ ಕೂಸು!

ಆಮೇಲೆ ಒಂದು ದಿನ ಫ್ಯಾನಿನ ರೆಗ್ಯುಲೇಟರ್ ಕೆಟ್ಟಿತೆಂದು ಬೇರೊಬ್ಬ ಹುಡುಗನನ್ನು ಕರೆಸಿದರು. ಐಟಿಐ ಮುಗಿಸಿ, ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿದು ಬಂದ ಹುಡುಗ. ಕೈ ತೊಳೆಯಲು ಬಚ್ಚಲಿಗೆ ಹೋದವನು, "ಅಜ್ಜಿ, ಇಲ್ಲಿ ಮಣೆ ಯಾಕೆ ಹಾಕಿದೀರಿ?" ಎಂದು ಕೇಳಿದ. ವಿಷಯ ಕೇಳಿದ ಕೂಡಲೇ ಮೇನ್ ಸ್ವಿಚ್ ಆರಿಸಿ, ಮೆಷಿನ್ನಿನ ಪ್ಲಗ್ಗು ಕಿತ್ತು, ಗೋಡೆಯ ಸಾಕೆಟ್ ಬಿಚ್ಚಿದ. ಮೇಲಿನ ದೊಡ್ಡ ತೂತಿಗೆ ಬರಬೇಕಾದ ಹಸಿರು ತಂತಿಯನ್ನು ಕೂಡಿಸಿಯೇ ಇರಲಿಲ್ಲ. ಸುತ್ತಿ ಟೇಪು ಹಾಕಿ ಹಿಂದಕ್ಕೆ ತಳ್ಳಿದ್ದರು. ಹಿತ್ತಿಲಿಗೆ ಹೋಗಿ ಅರ್ಥಿಂಗ್ ಗುಂಡಿ ನೋಡಿದರೆ ಅಲ್ಲಿ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಎರಡನ್ನೂ ಸರಿ ಮಾಡಿ, ಮೇನ್ ಬೋರ್ಡಿಗೆ ಆರ್‌ಸಿಸಿಬಿ ಎಂಬ ಸ್ವಿಚ್ಚು ಹಾಕಿಸಿಕೊಳ್ಳಲೇಬೇಕು ಎಂದು ಹೇಳಿ ಹಾಕಿಯೂ ಕೊಟ್ಟ.

ಅವನು ಅಜ್ಜಿಗೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ಅಜ್ಜಿ, ಮೆಷಿನ್ನಿಂದ ಸೋರಿದ ಕರೆಂಟಿಗೆ ಭೂಮಿಗೆ ಹೋಗೋಕೆ ದಾರಿ ಬೇಕು. ತಂತಿ ಇದ್ದರೆ ಅದರಲ್ಲಿ ಹೋಗತ್ತೆ. ತಂತಿ ಇಲ್ಲದಿದ್ದರೆ ಮುಟ್ಟಿದವರ ಮೈಯಲ್ಲೇ ಹೋಗತ್ತೆ."

ಮೊದಲಿನವನು ಕೆಟ್ಟವನಲ್ಲ, ಮೋಸಗಾರನೂ ಅಲ್ಲ. ತಂತಿ ಎಲ್ಲಿಗೆ ಕೂಡಿಸಬೇಕು ಎಂದು ಅವನಿಗೆ ಗೊತ್ತಿತ್ತು. ಯಾಕೆ ಕೂಡಿಸಬೇಕು ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಕರೆಂಟಿನ ಕೆಲಸದಲ್ಲಿ ಕಣ್ಣಂದಾಜು ತಪ್ಪಿದರೆ ಒಂದು ಜೀವ ಹೋಗುತ್ತದೆ, ಅದೂ ಹೆಚ್ಚಾಗಿ ಒದ್ದೆ ಕೈಯಲ್ಲಿ ಕೆಲಸ ಮಾಡುವ ನಮ್ಮಂಥ ಹೆಂಗಸರದೇ. ಈ ಕೆಲಸಕ್ಕೆ ಸರಿಯಾದ ತರಬೇತಿ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಈಗ ಆ ತರಬೇತಿ ಏನು ಅಂತ ನೋಡೋಣ. ಐಟಿಐ ಎಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಕೇಂದ್ರ ಸರ್ಕಾರ ಈ ಕುಶಲಕರ್ಮಿ ತರಬೇತಿ ಯೋಜನೆಯನ್ನು ಶುರು ಮಾಡಿದ್ದು 1950ರಲ್ಲಿ. ನಮ್ಮ ರಾಜ್ಯದಲ್ಲಿ ಇದನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ನೋಡಿಕೊಳ್ಳುತ್ತದೆ. ಹದಿನಾಲ್ಕು ವರ್ಷ ತುಂಬಿದ ಹುಡುಗ, ಹುಡುಗಿ ಇಬ್ಬರೂ ಸೇರಬಹುದು. ಸರ್ಕಾರಿ ಐಟಿಐಯಲ್ಲಿ ಶುಲ್ಕ ತೀರಾ ಕಡಿಮೆ.

ಮನೆ, ಕಟ್ಟಡಗಳ ಕೆಲಸಕ್ಕೆ ಬರುವ ವಿಭಾಗಗಳು ಹಲವಾರಿವೆ. ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷ. ಗಣಿತ, ವಿಜ್ಞಾನ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಫ್ರಿಜ್ಜು, ಏಸಿ ರಿಪೇರಿಯದೂ ಎರಡು ವರ್ಷ, ಅದಕ್ಕೂ ಎಸ್ಸೆಸ್ಸೆಲ್ಸಿ ಬೇಕು. ವೈರ್‌ಮನ್ ಎರಡು ವರ್ಷವಾದರೂ ಎಂಟನೇ ತರಗತಿ ಪಾಸಾದವರಿಗೂ ಸೀಟು ಸಿಗುತ್ತದೆ. ಪ್ಲಂಬರ್ ಮತ್ತು ಬಡಗಿ ಕೆಲಸ ಒಂದೊಂದು ವರ್ಷ, ಇವಕ್ಕೂ ಎಂಟನೇ ತರಗತಿ ಸಾಕು. ನಿಯಮಗಳು ಆಗಾಗ ಬದಲಾಗುವುದುಂಟು. ಸೇರಿಸುವ ವರ್ಷ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಒಮ್ಮೆ ಕೇಳಿಕೊಳ್ಳಿ.

ಅಲ್ಲಿ ಏನು ಕಲಿಸುತ್ತಾರೆ? ಬರೀ ಸ್ಕ್ರೂ ತಿರುಗಿಸುವುದಲ್ಲ. ಮೊದಲ ಪಾಠವೇ ಸುರಕ್ಷತೆ. ಕರೆಂಟು ಹೊಡೆದವರನ್ನು ಹೇಗೆ ಬಿಡಿಸಬೇಕು, ಉಸಿರು ನಿಂತರೆ ಏನು ಮಾಡಬೇಕು, ಬೆಂಕಿ ಆರಿಸುವ ಸಿಲಿಂಡರನ್ನು ಹೇಗೆ ಹಿಡಿಯಬೇಕು ಎಂದು ಕಲಿಸುತ್ತಾರೆ. ಆಮೇಲೆ ತಂತಿಯ ಜೋಡಣೆ, ಬೆಸುಗೆ, ಮೆಟ್ಟಿಲಿಗೆ ಕೆಳಗೊಂದು ಮೇಲೊಂದು ಸ್ವಿಚ್ಚು ಹಾಕುವ ವೈರಿಂಗ್, ಅರ್ಥಿಂಗ್ ಗುಂಡಿ ತೋಡಿ ಅಳತೆ ಮಾಡಿ ನೋಡುವುದು, ಮೋಟಾರು ಬಿಚ್ಚಿ ಸುತ್ತುವುದು. ಪ್ಲಂಬರ್ ವಿಭಾಗದಲ್ಲಿ ಪೈಪು ಕತ್ತರಿಸಿ ಮರೆ ಹಾಕುವುದು, ಕೂಡಿಸುವುದು, ಕೊಳಚೆ ನೀರಿನ ಪೈಪಿಗೆ ಇಳಿಜಾರು ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವುದು, ಗೋಡೆ ಮುಚ್ಚುವ ಮುಂಚೆ ನೀರು ತುಂಬಿಸಿ ಸೋರುತ್ತದೆಯೇ ಎಂದು ನೋಡುವುದು. ಇದರ ಜೊತೆಗೆ ನಕ್ಷೆ ಬರೆಯುವುದು, ಓದುವುದು, ಕೆಲಸಕ್ಕೆ ಬೇಕಾದ ಗಣಿತ. ಕೊನೆಯಲ್ಲಿ ಪರೀಕ್ಷೆ. ಪಾಸಾದರೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ. ಅದಕ್ಕೆ ಇಡೀ ದೇಶದಲ್ಲಿ ಬೆಲೆ ಇದೆ.

"ಐಟಿಐ ಮಾಡಿದರೆ ಅಲ್ಲಿಗೇ ಮುಗೀತು, ಮುಂದೆ ಓದೋಕಾಗಲ್ಲ" ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ ಐಟಿಐ ಮಾಡಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿ ಇದೆ. ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗಿಗೂ ಹೋಗಬಹುದು. ರೈಲ್ವೆಯ ಟೆಕ್ನಿಷಿಯನ್, ಸಹಾಯಕ ಲೋಕೋ ಪೈಲಟ್ ಹುದ್ದೆಗಳಿಗೆ ಐಟಿಐ ಪ್ರಮಾಣಪತ್ರ ಕೇಳುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆ, ಕಂಪನಿಗಳಲ್ಲಿ ಭತ್ಯೆ ಪಡೆದುಕೊಂಡೇ ಕೆಲಸ ಕಲಿಯಬಹುದು. ದೊಡ್ಡ ಆಸ್ಪತ್ರೆ, ಹೋಟೆಲು, ಕಾಲೇಜು, ಅಪಾರ್ಟ್‌ಮೆಂಟುಗಳಲ್ಲಿ ನೀರು, ದೀಪ, ಲಿಫ್ಟು, ಜನರೇಟರ್ ನೋಡಿಕೊಳ್ಳಲು ತಿಂಗಳ ಸಂಬಳದ ಜನ ಬೇಕೇ ಬೇಕು. ಸ್ವಂತ ಕೆಲಸ ಬೇಕೆನ್ನುವವರಿಗೆ ನಮ್ಮಂಥ ಸಣ್ಣ ಊರೇ ಸಾಕು. ನೀವೇ ಹೇಳಿ, ಒಳ್ಳೆಯ ಪ್ಲಂಬರಿಗೆ ಫೋನ್ ಮಾಡಿದರೆ "ನಾಳೆ ಬರ್ತೀನಮ್ಮ" ಅಂದವನು ಯಾವ ನಾಳೆ ಬರುತ್ತಾನೆ? ಅಷ್ಟು ಕೆಲಸ ಅವನ ಕೈಯಲ್ಲಿದೆ!

ವೈರಿಂಗ್ ಕೆಲಸವನ್ನೇ ಜೀವನಕ್ಕೆ ಹಿಡಿಯುವವರು ಒಂದು ಮಾತು ನೆನಪಿಡಬೇಕು. ನಮ್ಮ ರಾಜ್ಯದಲ್ಲಿ ವೈರ್‌ಮನ್ ಪರವಾನಗಿ, ಮೇಲ್ವಿಚಾರಕರ ಪರವಾನಗಿ, ಗುತ್ತಿಗೆದಾರರ ಲೈಸೆನ್ಸು ಎಲ್ಲ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಸಿಗಬೇಕು. ಅಲ್ಲಿ ಅರ್ಜಿ ಹಾಕುವಾಗ ಐಟಿಐ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ.

ಇಷ್ಟು ಹೇಳಿದೆನೆಂದು ಕಣ್ಣು ಮುಚ್ಚಿಕೊಂಡು ಸೇರಿಸಬೇಡಿ. ಎಲ್ಲ ಐಟಿಐಗಳೂ ಒಂದೇ ತರಹ ಇರುವುದಿಲ್ಲ. ಕೆಲವು ಕಡೆ ಬೋರ್ಡು ದೊಡ್ಡದು, ಒಳಗೆ ಸಾಮಾನಿಲ್ಲ. ಸೇರಿಸುವ ಮುಂಚೆ ತಾಯಿಯಾದವಳು ತಾನೇ ಒಂದು ದಿನ ಹೋಗಿ ವರ್ಕ್‌ಶಾಪು ನೋಡಿಬರಬೇಕು. ಮದುವೆಗೆ ಮುಂಚೆ ಹುಡುಗನ ಮನೆ ನೋಡಿ ಬರುವುದಿಲ್ಲವೇ, ಹಾಗೆ. ಮೇಜಿನ ಮೇಲೆ ತಂತಿ, ಮೀಟರು ಇವೆಯೋ, ಅವುಗಳ ಮೇಲೆ ಧೂಳು ಕೂತಿದೆಯೋ ನೋಡಿ. ಮಕ್ಕಳ ಕೈಯಲ್ಲಿ ಸಾಮಾನು ಇದೆಯೋ, ಬರೀ ನೋಟ್‌ಬುಕ್ಕೋ ನೋಡಿ. ಹೋದ ವರ್ಷ ಮುಗಿಸಿದ ಹುಡುಗರು ಈಗ ಎಲ್ಲಿದ್ದಾರೆಂದು ಕೇಳಿ. ಸಂಸ್ಥೆಗೆ, ನೀವು ಸೇರಿಸುವ ವಿಭಾಗಕ್ಕೆ ಎರಡಕ್ಕೂ ಮಾನ್ಯತೆ ಇದೆಯೇ ಎಂದು ಇಲಾಖೆಯಲ್ಲೇ ವಿಚಾರಿಸಿ. "ಬರದಿದ್ದರೂ ನಡೆಯತ್ತೆ, ಸರ್ಟಿಫಿಕೇಟ್ ಕೊಡಿಸ್ತೀವಿ" ಎನ್ನುವವರು ಸಿಕ್ಕರೆ ಅಲ್ಲಿಂದಲೇ ಕೈ ಮುಗಿದು ಬನ್ನಿ. ಅಂಥ ಸರ್ಟಿಫಿಕೇಟು ಹಿಡಿದವನಿಗೂ ಮಣೆ ಹಾಕಿಕೊಳ್ಳಿ ಎಂದವನಿಗೂ ಏನು ವ್ಯತ್ಯಾಸ?

ಒಂದು ಎರಡು ವರ್ಷ ಕಳಿಸಲು ಮನೆಯ ಪರಿಸ್ಥಿತಿ ಇಲ್ಲ ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಒಂದು ಒಳ್ಳೆಯ ಏರ್ಪಾಡಿದೆ. ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಶುರು ಮಾಡಿದವು. ಹದಿನೆಂಟು ದಾಟಿದ, ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಊಟ, ವಸತಿ ಕೊಟ್ಟು, ಬಿಟ್ಟಿಯಾಗಿ ಕೆಲಸ ಕಲಿಸುತ್ತಾರೆ. ಹೊಲಿಗೆಯಿಂದ ಹಿಡಿದು ಮನೆ ವೈರಿಂಗ್, ಮೋಟಾರ್ ರಿವೈಂಡಿಂಗ್, ಫ್ರಿಜ್ಜು ರಿಪೇರಿ, ಪ್ಲಂಬಿಂಗ್ ತನಕ ಇದೆ. ಸಾಲಕ್ಕೆ ಬ್ಯಾಂಕಿನ ದಾರಿಯನ್ನೂ ತೋರಿಸುತ್ತಾರೆ. ಇದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಎಂಬ ಸಂಸ್ಥೆಗಳನ್ನು ನಡೆಸುತ್ತಿವೆ. ನಿಮ್ಮ ಜಿಲ್ಲೆಯದು ಎಲ್ಲಿದೆಯೆಂದು ಬ್ಯಾಂಕಿನಲ್ಲಿ ಕೇಳಿದರೆ ಹೇಳುತ್ತಾರೆ. ಐಟಿಐಯಷ್ಟು ಆಳವಾದ ಕಲಿಕೆ ಇದಲ್ಲ, ಆದರೆ ಕೈಗೆ ಒಂದು ಆಧಾರ.

ಇನ್ನು ಹೆಣ್ಣುಮಕ್ಕಳ ಮಾತು. ಐಟಿಐ ಎಂದರೆ ಗಂಡುಹುಡುಗರಿಗೆ, ಹೆಣ್ಣಾದರೆ ಹೊಲಿಗೆ ಅಥವಾ ಕಂಪ್ಯೂಟರು ಎಂದುಕೊಂಡುಬಿಟ್ಟಿದ್ದೇವೆ. ಎಲೆಕ್ಟ್ರಿಷಿಯನ್, ಪ್ಲಂಬರ್ ವಿಭಾಗಕ್ಕೆ ಹೆಣ್ಣುಮಕ್ಕಳು ಬರಬಾರದೆಂದು ಯಾವ ನಿಯಮವೂ ಇಲ್ಲ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯೂ ಇದೆ. ಮಧ್ಯಾಹ್ನ ಗಂಡಸರು ಯಾರೂ ಇಲ್ಲದ ಹೊತ್ತಿನಲ್ಲಿ ಬಚ್ಚಲುಮನೆಯ ನಲ್ಲಿ ಕೆಟ್ಟರೆ ಗುರುತಿಲ್ಲದವರನ್ನು ಒಳಗೆ ಬಿಡಲು ನಮಗೆ ಎಷ್ಟು ಸಂಕೋಚ! ಕೆಲಸ ಬಲ್ಲ ಹೆಣ್ಣುಮಗಳು ಚೀಲ ಹಿಡಿದು ಬಂದರೆ ಬೀದಿಯ ಹೆಂಗಸರೆಲ್ಲ ಅವಳನ್ನೇ ಕರೆಯುವುದಿಲ್ಲವೇ? ನಾನಂತೂ ಕರೆಯುತ್ತೇನೆ.

ಮರ್ಯಾದೆಯ ಪ್ರಶ್ನೆಗೆ ಬರೋಣ. ಆ ತಂಗಿಯ ಮನೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಕೈಕೆಲಸದವರನ್ನು ನಾವು ನಡೆಸಿಕೊಳ್ಳುವ ರೀತಿ ಹಾಗಿದೆ. ಡಾಕ್ಟರು ಕೇಳಿದ ಫೀಸನ್ನು ತುಟಿ ಬಿಚ್ಚದೆ ಕೊಡುತ್ತೇವೆ. ಪ್ಲಂಬರ್ ಮುನ್ನೂರು ಎಂದರೆ "ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?" ಎನ್ನುತ್ತೇವೆ. ಆ ಹತ್ತು ನಿಮಿಷದ ಹಿಂದೆ ವರ್ಷಗಟ್ಟಲೆ ಕಲಿತದ್ದಿದೆ ಎಂದು ನೆನಪಾಗುವುದಿಲ್ಲ. ಅವನು ಬಂದರೆ ಹಿತ್ತಿಲ ಬಾಗಿಲು, ನೀರು ಕೇಳಿದರೆ ಬೇರೆ ಲೋಟ, ವಯಸ್ಸು ನಲವತ್ತಾದರೂ "ಏನೋ ಹುಡುಗ" ಎಂಬ ಸಂಬೋಧನೆ. ಇದನ್ನೆಲ್ಲ ನಮ್ಮ ಮಕ್ಕಳು ನೋಡುತ್ತಿರುತ್ತಾರೆ. ಆಮೇಲೆ ಅವರು ಆ ಕೆಲಸ ಬೇಡ ಎಂದರೆ ತಪ್ಪು ಅವರದಾ? ಮುಂದಿನ ಬಾಗಿಲಲ್ಲಿ ಕರೆದು, "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ" ಎನ್ನಲು ನಮಗೇನು ಖರ್ಚು? ಹೆಣ್ಣು ಕೊಡೋರು ಯಾರು ಎಂಬ ಅತ್ತೆಯವರ ಪ್ರಶ್ನೆಗೆ ಉತ್ತರ ಹುಟ್ಟಬೇಕಾದ್ದೂ ನಮ್ಮ ನಿಮ್ಮ ಜಗಲಿಯಲ್ಲೇ.

ಆದ್ದರಿಂದ ತಂಗೀ, ನೀನು ಹೀಗೆ ಮಾಡು. ಮೊದಲು ಯಜಮಾನರನ್ನು ಕರೆದುಕೊಂಡು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಬಾ. ಬಾಯಿಂದ ಹೇಳಿದ್ದಕ್ಕಿಂತ ಕಣ್ಣಿಂದ ನೋಡಿದ್ದು ಗಂಡಸರ ಮನಸ್ಸಿಗೆ ಬೇಗ ಇಳಿಯುತ್ತದೆ. ಅರ್ಜಿಯ ಕೊನೆಯ ದಿನ ಯಾವಾಗ ಎಂದು ಅಲ್ಲೇ ತಿಳಿದುಕೊಂಡು ಬಾ, ಮನೆಯ ಜಗಳ ಮುಗಿಯುವಷ್ಟರಲ್ಲಿ ದಿನ ದಾಟಿಬಿಟ್ಟೀತು. ಮಾವನವರ ಹತ್ತಿರ ಫ್ಯಾನು ರಿಪೇರಿಯ ಮಾತು ಎತ್ತಬೇಡ. ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ ಅನ್ನೋದರಿಂದ ಶುರು ಮಾಡು. ಮಗನಿಗೂ ಒಂದು ಮಾತು ಹೇಳು: ಹಟ ಮಾಡಿ ಸೇರಿದ ಮೇಲೆ ಎರಡು ವರ್ಷ ಒಂದು ದಿನವೂ ತಪ್ಪಿಸದೆ ಹೋಗಬೇಕು, ಗಣಿತ ಬಿಡಬಾರದು. ಬಿಚ್ಚುವುದು ಅವನಿಗೆ ಗೊತ್ತಿದೆ. ಸರಿಯಾಗಿ ಕೂಡಿಸುವುದನ್ನು ಕಲಿತು ಬರಲಿ.

ಉಳಿದ ಸೋದರಿಯರಿಗೆ, ಈ ಮಳೆಗಾಲಕ್ಕೆ ಉಪಯೋಗವಾಗುವ ಕೆಲವು ಮಾತುಗಳನ್ನು ಎಂದಿನಂತೆ ಕೆಳಗೆ ಬರೆದಿದ್ದೇನೆ. ಕತ್ತರಿಸಿ ಅಡಿಗೆಮನೆಯ ಬಾಗಿಲ ಹಿಂದೆ ಅಂಟಿಸಿಕೊಳ್ಳಿ.

ಮನೆ ಕಾಯುವ ಎಂಟು ಮಾತು

1. ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಆರಿಸಬೇಕು ಎಂದು ಮನೆಯ ಎಲ್ಲರಿಗೂ ತೋರಿಸಿಡಿ. ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಹಿಡಿದು ಎಳೆಯಬೇಡಿ. ಮೊದಲು ಮೇನ್ ಆರಿಸಿ.

2. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ವ್ಯತ್ಯಾಸ ಬಂದರೆ ಆರ್‌ಸಿಸಿಬಿ ತಕ್ಷಣ ಕಡಿದುಹಾಕುತ್ತದೆ. ಮನೆಗೆ 30 ಮಿಲಿ ಆಂಪಿಯರಿನದು ಬೇಕೆಂದು ಕೇಳಿ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟು ಹೋದರೆ ಸರಿಯಾಗಿದೆ ಎಂದರ್ಥ.

3. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದನೆಯ ದಪ್ಪ ಪಿನ್ನು ಅರ್ಥಿಂಗಿನದು. ಅದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕಬೇಡಿ.

4. ಗೀಸರು, ವಾಷಿಂಗ್ ಮೆಷಿನ್ನು 16 ಆಂಪಿಯರಿನ ದೊಡ್ಡ ಸಾಕೆಟ್ಟಿನಲ್ಲೇ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಬೇಡಿ.

5. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಒಳಗೆ ಹಾಕಿಸಲೇಬೇಡಿ. ಬಾಗಿಲು, ಕಿಟಕಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ.

6. ಬಳಸದ ಬಚ್ಚಲಿನಿಂದ ದುರ್ವಾಸನೆ ಬಂದರೆ ಫಿನಾಯಿಲ್ ಸುರಿಯುವ ಮುಂಚೆ ಎರಡು ಚೊಂಬು ನೀರು ಹಾಕಿ ನೋಡಿ. ಪೈಪಿನ ಬಾಗಿದ ಭಾಗದಲ್ಲಿ ನಿಂತ ನೀರೇ ಕೆಟ್ಟ ಗಾಳಿಯನ್ನು ತಡೆಯುವುದು. ಅದು ಒಣಗಿದರೆ ವಾಸನೆ ಮೇಲೆ ಬರುತ್ತದೆ.

7. ಶೌಚದ ಗುಂಡಿಗೆ ಯಾರನ್ನೂ ಇಳಿಸಬೇಡಿ, ಎಷ್ಟು ದುಡ್ಡು ಕೊಟ್ಟರೂ ಇಳಿಯುತ್ತೇನೆ ಎಂದರೂ ಬೇಡ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣೆಯಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರದ ಗಾಡಿ ತರಿಸಿ.

8. ಹೊಸ ಮನೆ ಕಟ್ಟುತ್ತಿದ್ದರೆ ಗಿಲಾವು ಮಾಡುವ ಮುಂಚೆ ಪೈಪು, ತಂತಿ ಹೋದ ಗೋಡೆಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ, ಸೋರಿಕೆ ಹುಡುಕುವಾಗ ಅದೇ ದಾರಿ ತೋರಿಸುತ್ತದೆ.

ನಿಮ್ಮ ಊರಿನಲ್ಲಿ ಕೈಕೆಲಸ ಕಲಿತು ಮನೆ ನಡೆಸುತ್ತಿರುವ ಹೆಣ್ಣುಮಕ್ಕಳಿದ್ದರೆ ನನಗೆ ಬರೆದು ತಿಳಿಸಿ. ಇನ್ನೊಂದು ಸಂಚಿಕೆಯಲ್ಲಿ ಅವರ ವಿಷಯ ಬರೆಯುವ ಆಸೆ ಇದೆ. ಮುಂದಿನ ಸಲ ಮಳೆಗಾಲಕ್ಕೆ ಬೇಳೆಕಾಳು, ಮಸಾಲೆಪುಡಿ ಹುಳ ಹಿಡಿಯದಂತೆ ಇಡುವುದು ಹೇಗೆಂದು ಹೇಳುತ್ತೇನೆ. ಅಲ್ಲಿಯ ತನಕ ಸ್ವಿಚ್ಚು ಮುಟ್ಟುವ ಮುಂಚೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುವುದನ್ನು ಮರೆಯಬೇಡಿ.